ಊರುಗೋಲೂ ಬರಿಗೈಯೂ

೧

ಬೆಂಗಳೂರು ಕಂಟೋನ್ಮೆಂಟಿಗೆ ಮೂಡಲಲ್ಲಿರುವ ಬಾಣಸವಾಡಿಯು ಒಂದು ಕಾಲದಲ್ಲಿ ಹೊಲತೋಟಗಳ ನಡುವಣ ಹಳ್ಳಿಯಾಗಿದ್ದಿತು. ಇಂದು ಅದು ನಗರದ ಒಡಲೊಳಗೆ ಸೇರಿಹೋಗಿದೆ. ಹಳೆಯ ಊರಿನ ಆಂಜನೇಯನ ಗುಡಿಯೂ, ರೈಲು ನಿಲ್ದಾಣವೂ, ಹೊರವರ್ತುಲ ರಸ್ತೆಯೂ, ಎಚ್.ಆರ್.ಬಿ.ಆರ್. ಬಡಾವಣೆಯ ಸಾಲುಮನೆಗಳೂ ಒಂದನ್ನೊಂದು ಒತ್ತಿಕೊಂಡು ನಿಂತಿವೆ. ಇಂಥ ಬಡಾವಣೆಗಳ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಎರಡು ಬಗೆಯ ಜನರು ಕಣ್ಣಿಗೆ ಬೀಳುವುದುಂಟು. ಒಂದು ಕಡೆ ಬಿಳಿಯ ಉಡುಪನ್ನು ತೊಟ್ಟು, ನಡುವಿಗೆ ಬಣ್ಣದ ಪಟ್ಟಿಯನ್ನು ಬಿಗಿದು ಕರಾಟೆಯನ್ನು ಅಭ್ಯಸಿಸುವ ಮಕ್ಕಳು. ಇನ್ನೊಂದು ಕಡೆ ಊರುಗೋಲನ್ನು ಊರಿಕೊಂಡು ವಾಯುಸೇವನೆಗೆ ಬಂದ ವೃದ್ಧರು. ಮಕ್ಕಳು ಬರಿಗೈಯನ್ನು ಆಯುಧವಾಗಿ ಮಾಡಿಕೊಳ್ಳುವುದನ್ನು ಕಲಿಯುತ್ತಿದ್ದಾರೆ. ವೃದ್ಧರಾದರೋ ಆಯುಧವಾಗಬಲ್ಲ ವಸ್ತುವೊಂದನ್ನು ಕೈಯಲ್ಲಿಯೇ ಹಿಡಿದಿದ್ದರೂ ಅದನ್ನು ಆಧಾರವೆಂದು ಮಾತ್ರ ಬಗೆದಿದ್ದಾರೆ.

ಇಂಥದೊಂದು ಉದ್ಯಾನದ ಕಲ್ಲುಬೆಂಚಿನ ಮೇಲೆ ಒಬ್ಬ ವೃದ್ಧನೂ, ಪಾಠವನ್ನು ಮುಗಿಸಿ ಬಂದ ಅವನ ಮೊಮ್ಮಗನೂ ಕುಳಿತಿರುವರೆಂದು ವಾಚಕರು ಭಾವಿಸಿಕೊಳ್ಳಲಿ. ಹುಡುಗನು ಕೇಳುತ್ತಾನೆ:

“ತಾತ, ಕಳ್ಳ ಬಂದರೆ ಈ ಕೋಲಿನಿಂದ ಹೊಡೆಯುತ್ತೀರಾ?”

ತಾತನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾನೆ: “ಹೊಡೆಯುವುದಕ್ಕೆ ಬರುತ್ತದೆಯೇ ಎಂದು ಮೊದಲು ಕೇಳು, ಮಗು. ಹೊಡೆಯುತ್ತೇನೆಯೇ ಎಂಬುದು ಆಮೇಲಿನ ಮಾತು.”

“ಬರುವುದಾದರೆ?”

“ಬರುವುದಾದರೆ, ನಿಲ್ಲಿಸುವುದಕ್ಕೂ ಬರುತ್ತದೆಯೇ ಎಂದು ಕೇಳಬೇಕಾಗುತ್ತದೆ.”

ಹುಡುಗನಿಗೆ ಇದು ಜಾರಿಕೊಳ್ಳುವ ಮಾತಾಗಿ ತೋರಬಹುದು. ಆದರೆ ಆತ್ಮರಕ್ಷಣೆಯ ವಿದ್ಯೆಯನ್ನು ಕುರಿತು ವಿಚಾರಮಾಡತಕ್ಕುದೆಲ್ಲವೂ ಈ ಮೂರು ಮಾತುಗಳಲ್ಲಿ ಅಡಗಿದೆ. ವಿಷಯವು ಕೇವಲ ತರ್ಕದ್ದೂ ಅಲ್ಲ. ಮಕ್ಕಳು ದೂರದ ದೇಶಗಳಲ್ಲಿ ಉದ್ಯೋಗದಲ್ಲಿದ್ದು, ಮುದುಕರಿಬ್ಬರೇ ಅಥವಾ ಒಬ್ಬರೇ ವಾಸಮಾಡುವ ಮನೆಗಳು ಬೆಂಗಳೂರಿನಲ್ಲಿ ಈಗ ಅಪೂರ್ವವಾಗಿಲ್ಲ. ರಾತ್ರಿಯಲ್ಲಿ ಗೇಟಿನ ಸದ್ದಾದರೆ ಎದೆ ನಡುಗುವ ಅನುಭವವು ಅಂಥವರಿಗೆ ಹೊಸದಲ್ಲ. ಅವರು ಕೋಲಿನ ವರಸೆಯನ್ನು ಕಲಿಯುವುದು ಯುಕ್ತವೇ? ಕಲಿತವರಿಗೆ ಅದನ್ನು ಪ್ರಯೋಗಿಸುವ ಅಧಿಕಾರವು ಎಲ್ಲಿಯವರೆಗೆ? ಸಾತ್ವಿಕನೆನಿಸಿಕೊಂಡ ಗೃಹಸ್ಥನಿಗೆ ಹೊಡೆಯುವ ವಿದ್ಯೆಯು ಭೂಷಣವೋ, ದೂಷಣವೋ?

೨

ಕೋಲು ಮನುಷ್ಯನ ಕೈಗೆ ಬಂದ ಅತಿಪ್ರಾಚೀನವಾದ ಉಪಕರಣಗಳಲ್ಲಿ ಒಂದೆಂದು ಹೇಳಿದರೆ ತಪ್ಪಾಗಲಾರದು. ಕುರಿಯನ್ನು ಕಾಯುವವನಿಗೂ, ಉಪನಯನವಾದ ವಟುವಿಗೂ, ಸಂನ್ಯಾಸಿಗೂ, ನಡುಬಗ್ಗಿದ ಮುದುಕನಿಗೂ ಅದು ಬೇಕು. ಸಂಸ್ಕೃತದಲ್ಲಿ ‘ದಂಡ’ವೆಂಬ ಒಂದೇ ಶಬ್ದವು ಕೋಲನ್ನೂ ಶಿಕ್ಷೆಯನ್ನೂ ಹೇಳುತ್ತದೆ. ಆದರೆ ನೀತಿಜ್ಞರು ಸಾಮ ದಾನ ಭೇದಗಳನ್ನು ಮುಂದಿಟ್ಟು ದಂಡವನ್ನು ಕಟ್ಟಕಡೆಗೆ ಎಣಿಸಿರುವುದು ಗಮನಾರ್ಹವಾದುದು.

ಈ ನಾಡಿಗೆ ಕಾಳಗದ ಶಿಕ್ಷಣವು ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವುಂಟು. ಮೈಸೂರಿನ ದಸರೆಯಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗದಲ್ಲಿ ಮೊದಲ ರಕ್ತದ ಹನಿ ಕಂಡೊಡನೆ ಕಾಳಗವನ್ನು ನಿಲ್ಲಿಸುವುದು ನಿಯಮ. ಬೆಂಗಳೂರು ಪೇಟೆಯಲ್ಲಿ ಗರಡಿಮನೆಗಳಿದ್ದವು. ಕರಗದ ಉತ್ಸವದಲ್ಲಿ ಕತ್ತಿ ಹಿಡಿದು ನಡೆಯುವ ವೀರಕುಮಾರರ ಸಂಪ್ರದಾಯವೂ ಆ ಗರಡಿಗಳೊಡನೆ ಹೆಣೆದುಕೊಂಡಿದೆ. ಕಂಟೋನ್ಮೆಂಟಿನ ಹಲಸೂರು, ಶಿವಾಜಿನಗರಗಳಲ್ಲಿ ನೆಲೆಸಿದ ತಮಿಳರಿಗೆ ಸಿಲಂಬವೆಂಬ ಕೋಲಿನ ವಿದ್ಯೆಯು ತಮ್ಮ ನಾಡಿನ ಸೊತ್ತು. ಮಲೆಯಾಳದ ಕಳರಿಗಳಲ್ಲಿಯಂತೂ ಮೊದಲು ಮೈಯ ಅಭ್ಯಾಸ, ಆಮೇಲೆ ಕೋಲು, ಅದಾದ ಬಳಿಕ ಲೋಹದ ಆಯುಧ, ಎಲ್ಲಕ್ಕೂ ಕಡೆಯಲ್ಲಿ ಬರಿಗೈ ಎಂಬ ಕ್ರಮವಿದೆ. ಬರಿಗೈಯ ವಿದ್ಯೆಯನ್ನು ಅಲ್ಲಿ ತುದಿಯ ಮೆಟ್ಟಿಲಾಗಿ ಎಣಿಸಿದ್ದಾರೆ.

ಕಂಟೋನ್ಮೆಂಟು ೧೮೦೯ರಲ್ಲಿ ಸ್ಥಾಪಿತವಾದ ಮೇಲೆ ಈ ಪ್ರದೇಶಕ್ಕೆ ಇನ್ನೊಂದು ಬಗೆಯ ಕೋಲು ಬಂದಿತು. ಅದು ಸೈನ್ಯಾಧಿಕಾರಿಯ ಕಂಕುಳಲ್ಲಿರುತ್ತಿದ್ದ ಬೆತ್ತ. ಅದನ್ನು ಊರುವ ಅಗತ್ಯ ಯಾರಿಗೂ ಇರಲಿಲ್ಲ. ಅದು ಅಧಿಕಾರವನ್ನು ತೋರಿಸುವುದಕ್ಕಾಗಿ ಇದ್ದುದು. ಯುರೋಪಿನ ನಗರಗಳಲ್ಲಿ ಸಭ್ಯ ಗೃಹಸ್ಥರು ಬೆತ್ತವನ್ನು ಹಿಡಿದು ನಡೆಯುತ್ತಿದ್ದ ಕಾಲದಲ್ಲಿ ಅದನ್ನು ಆತ್ಮರಕ್ಷಣೆಗೆ ಬಳಸುವ ಶಾಸ್ತ್ರವೂ ಹುಟ್ಟಿತು. ಸ್ವಿಟ್ಜರ್ಲೆಂಡಿನ ಪಿಯೆರ್ ವಿನ್ಯಿ ಎಂಬಾತನು ರೂಪಿಸಿದ ಪದ್ಧತಿಯನ್ನು, ಜಪಾನಿನಲ್ಲಿದ್ದು ಮರಳಿದ ಬಾರ್ಟನ್-ರೈಟ್ ಎಂಬ ಆಂಗ್ಲ ಇಂಜಿನಿಯರನು ಲಂಡನ್ನಿನ ತನ್ನ ವ್ಯಾಯಾಮಶಾಲೆಯಲ್ಲಿ ಜುಜುತ್ಸುವಿನೊಡನೆ ಸೇರಿಸಿ ಕಲಿಸಿದನು. ೧೯೦೧ರಲ್ಲಿ ಅದನ್ನು ಕುರಿತು ಸಚಿತ್ರ ಲೇಖನಗಳನ್ನೂ ಪ್ರಕಟಿಸಿದನು. ಭಾರತದ ಪೊಲೀಸ್ ಇಲಾಖೆಯ ಅಧಿಕಾರಿಯಾಗಿದ್ದ ಎಚ್. ಜಿ. ಲ್ಯಾಂಗ್ ಎಂಬಾತನು ೧೯೨೩ರಲ್ಲಿ ಊರುಗೋಲಿನ ಆತ್ಮರಕ್ಷಣಾಕ್ರಮವನ್ನು ಕುರಿತೇ ಒಂದು ಗ್ರಂಥವನ್ನು ಬರೆದನು.

ಈ ವಿದ್ಯೆಯ ತಿರುಳು ಸರಳವಾದುದು. ಸುಮಾರು ಮೂರಡಿ ಉದ್ದದ ಬೆತ್ತವು ಹಿಡಿದವನ ತೋಳನ್ನು ಅಷ್ಟರಮಟ್ಟಿಗೆ ನೀಳಮಾಡುತ್ತದೆ. ಆದುದರಿಂದ ಮೇಲೆ ಬೀಳುವವನನ್ನು ಕೈಗೆ ಸಿಕ್ಕದಷ್ಟು ದೂರದಲ್ಲಿ ತಡೆದು ನಿಲ್ಲಿಸಬಹುದು. ವಿನ್ಯಿಯ ಪದ್ಧತಿಯಲ್ಲಿ ಹಿಡಿದ ಕೈಯನ್ನು ಮೇಲಕ್ಕೆತ್ತಿ ಕೋಲನ್ನು ಇಳಿಜಾರಾಗಿ ಹಿಡಿಯುವುದರಿಂದ ಎದುರಿನ ಏಟು ಬೆರಳಿಗೆ ತಾಗದೆ ಜಾರಿಹೋಗುತ್ತದೆ. ಹಿಡಿಕೆಯ ಕೊಕ್ಕೆಯಿಂದ ಮಣಿಕಟ್ಟನ್ನೋ ಕಾಲನ್ನೋ ಸೆಳೆಯಬಹುದು. ಹೊಡೆಯುವುದು ಇವೆಲ್ಲಕ್ಕೂ ಆಮೇಲಿನದು. ಅದೇ ಕೋಲು ತಲೆಬುರುಡೆಯ ಮೇಲೆ ಬಿದ್ದರೆ ಪ್ರಾಣವನ್ನೇ ತೆಗೆಯಬಲ್ಲುದು. ಪಳಗದ ಕೈಯಲ್ಲಿ ಇಂಥ ಏಟು ಬೀಳುವ ಸಂಭವವು ಹೆಚ್ಚೇ ಹೊರತು ಕಡಮೆಯಲ್ಲ. ಏಕೆಂದರೆ ಹೆದರಿದವನಿಗೆ ಅಳತೆಯು ತಿಳಿಯದು.

ಕರಾಟೆಯು ಓಕಿನಾವಾ ದ್ವೀಪದ ವಿದ್ಯೆ. ಆ ದ್ವೀಪದ ಅಂಕೋ ಇತೋಸು ಎಂಬ ಆಚಾರ್ಯನು ಅದನ್ನು ಶಾಲೆಗಳೊಳಕ್ಕೆ ತಂದನು. ೧೯೦೮ರಲ್ಲಿ ಅವನು ವಿದ್ಯಾಧಿಕಾರಿಗಳಿಗೆ ಬರೆದ ಹತ್ತು ಸೂತ್ರಗಳ ಪತ್ರದಲ್ಲಿ, ಈ ವಿದ್ಯೆಯು ಸ್ವಂತ ಲಾಭಕ್ಕಾಗಿ ಇರುವುದಲ್ಲವೆಂದೂ, ದುಷ್ಟನು ಎದುರಾದಾಗ ಅಪಾಯದಿಂದ ಪಾರಾಗುವುದಕ್ಕಾಗಿ ಇರುವುದೆಂದೂ ತಿಳಿಸಿದ್ದಾನೆ. ಅವನ ಶಿಷ್ಯನಾದ ಗಿಚಿನ್ ಫುನಾಕೋಶಿಯು ೧೯೨೨ರಲ್ಲಿ ಟೋಕಿಯೋ ನಗರದಲ್ಲಿ ಅದನ್ನು ಪ್ರದರ್ಶಿಸಿದನು. ಹಿಂದೆ ‘ಚೀನದ ಕೈ’ ಎಂಬ ಅರ್ಥವನ್ನು ಕೊಡುವ ಅಕ್ಷರಗಳಲ್ಲಿ ಬರೆಯುತ್ತಿದ್ದ ಹೆಸರನ್ನು, ಉಚ್ಚಾರಣೆಯನ್ನು ಬದಲಿಸದೆ, ‘ಬರಿಗೈ’ ಎಂಬರ್ಥದ ಅಕ್ಷರದಿಂದ ಬರೆಯುವ ರೂಢಿಯು ೧೯೩೦ರ ದಶಕದಲ್ಲಿ ನೆಲೆಗೊಂಡಿತು. ಕರಾಟೆಯಲ್ಲಿ ಮೊದಲ ಏಟಿಲ್ಲವೆಂಬುದು ಫುನಾಕೋಶಿಯ ಮುಖ್ಯ ಬೋಧನೆಗಳಲ್ಲೊಂದು. ‘ಕಾತಾ’ ಎಂಬ ಕ್ರಮಬದ್ಧವಾದ ಅಭ್ಯಾಸಗಳನ್ನು ಶಿಷ್ಯನು ತಡೆಯುವ ಚಲನೆಯಿಂದಲೇ ಆರಂಭಿಸುವುದು ಈ ಬೋಧನೆಗೆ ಅನುಗುಣವಾಗಿದೆ.

೩

ಈಗ ಪೂರ್ವಪಕ್ಷವನ್ನು ಕೇಳಬೇಕು. ಅಹಿಂಸೆಯೇ ಪರಮಧರ್ಮವೆಂದು ನಂಬಿದವರು ಹೀಗೆ ಆಕ್ಷೇಪಿಸಬಹುದು: ಹೊಡೆಯಬಾರದೆಂಬುದೇ ಧರ್ಮವಾದರೆ ಹೊಡೆಯುವುದನ್ನು ಕಲಿಯುವುದೇಕೆ? ಕೈಯಲ್ಲಿ ಆಯುಧವಿದ್ದರೆ ಮನಸ್ಸು ಅದಕ್ಕೆ ಕೆಲಸವನ್ನು ಹುಡುಕುತ್ತದೆ. ಅಡಿಗೆಯನ್ನು ಕಲಿತವನು ಅಡಿಗೆಮಾಡದಿರುವನೇ? ಆದುದರಿಂದ ಕಲಿಯದಿರುವುದೇ ಕ್ಷೇಮ.

ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಆದರೆ ಅಹಿಂಸೆಯನ್ನು ಬಾಳಿನ ವ್ರತವಾಗಿ ಹಿಡಿದ ಗಾಂಧೀಜಿಯವರೇ ಇದನ್ನು ಒಪ್ಪಲಿಲ್ಲ. ೧೯೦೮ರ ಫೆಬ್ರವರಿ ೧೦ರಂದು ಜೋಹಾನ್ಸ್‌ಬರ್ಗ್ ನಗರದ ಬೀದಿಯಲ್ಲಿ ಮೀರ್ ಆಲಂ ಎಂಬ ಪಠಾಣನೂ ಅವನ ಸಂಗಡಿಗರೂ ಅವರನ್ನು ದೊಣ್ಣೆಗಳಿಂದ ಹೊಡೆದು ಕೆಡವಿದರು. ಎಚ್ಚರವಾದೊಡನೆ ಗಾಂಧೀಜಿಯವರು ಮಾಡಿದ ಕೋರಿಕೆಯು, ಹೊಡೆದವರನ್ನು ಬಿಟ್ಟುಬಿಡಬೇಕೆಂಬುದು. ಅದೇ ವರ್ಷ ಆಗಸ್ಟ್ ೧೬ರ ಸಭೆಯಲ್ಲಿ ಮೀರ್ ಆಲಂ ತನ್ನ ತಪ್ಪನ್ನು ಒಪ್ಪಿಕೊಂಡನು. ಇಷ್ಟೇ ಆಗಿದ್ದರೆ ಪ್ರಸಂಗವು ಕ್ಷಮೆಯ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಅವರ ಹಿರಿಯ ಮಗನು ತಂದೆಯನ್ನು ಕೇಳಿದನು: ತಾನು ಆಗ ಹತ್ತಿರದಲ್ಲಿದ್ದಿದ್ದರೆ ಏನು ಮಾಡಬೇಕಾಗಿತ್ತು? ಓಡಿಹೋಗಬೇಕಾಗಿತ್ತೇ? ತಂದೆಯು ಸಾಯುವುದನ್ನು ನೋಡುತ್ತ ನಿಲ್ಲಬೇಕಾಗಿತ್ತೇ? ಬಲವನ್ನು ಬಳಸಬೇಕಾಗಿತ್ತೇ? ಬಲವನ್ನು ಬಳಸಿಯಾದರೂ ತಂದೆಯನ್ನು ರಕ್ಷಿಸುವುದು ಮಗನ ಕರ್ತವ್ಯವೆಂದು ತಂದೆಯು ಉತ್ತರಕೊಟ್ಟನು. ೧೯೨೦ರ ಆಗಸ್ಟಿನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಗಾಂಧೀಜಿಯವರು ಈ ಸಂಭಾಷಣೆಯನ್ನು ತಾವೇ ತಿಳಿಸಿ, ಹೇಡಿತನ ಹಿಂಸೆಗಳೆರಡೇ ಉಳಿದಲ್ಲಿ ಹಿಂಸೆಯನ್ನೇ ಸೂಚಿಸುವೆನೆಂದು ಹೇಳಿದರು. ಅಹಿಂಸೆಯು ಅದಕ್ಕಿಂತ ಎಷ್ಟೋ ಮೇಲಾದುದೆಂಬುದನ್ನೂ, ಶಿಕ್ಷಿಸುವ ಶಕ್ತಿಯುಳ್ಳವನಲ್ಲಿ ಮಾತ್ರವೇ ಕ್ಷಮೆಗೆ ಅರ್ಥವಿರುವುದೆಂಬುದನ್ನೂ ಅದರೊಡನೆಯೇ ಹೇಳಿದರು.

ಕನ್ನಡಿಗರಿಗೆ ಈ ತತ್ತ್ವವು ಹೊರಗಿನಿಂದ ಬರಬೇಕಾದುದಲ್ಲ. ಪಂಪನು ಕ್ರಿ. ಶ. ೯೪೧ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ಭರತ ಬಾಹುಬಲಿಗಳ ದ್ವಂದ್ವವಿದೆ. ದೃಷ್ಟಿಯುದ್ಧ ಜಲಯುದ್ಧಗಳಲ್ಲಿ ಗೆದ್ದ ಬಾಹುಬಲಿಯು ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿಬಿಡುತ್ತಾನೆ. ಆದರೆ ನೆಲಕ್ಕೆ ಅಪ್ಪಳಿಸದೆ ಇಳಿಸಿ, ರಾಜ್ಯವನ್ನೇ ತೊರೆದು ಹೋಗುತ್ತಾನೆ. ಅವನು ಅಣ್ಣನನ್ನು ಎತ್ತಲಾರದವನಾಗಿದ್ದರೆ ಇಳಿಸುವ ಮಾತೇ ಏಳುತ್ತಿರಲಿಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಂದ ನಿಂತಿರುವ ಆ ಮೂರ್ತಿಯ ತೋಳುಗಳು ಬರಿದಾಗಿ ಇಳಿಬಿದ್ದಿವೆ. ನೋಡುವವರು ತಲೆಬಾಗುವುದು ಆ ತೋಳುಗಳ ಬಲವನ್ನು ಬಲ್ಲುದರಿಂದಲೇ.

ಹೀಗೆ ಕಲಿಯುವುದು ದೋಷವಲ್ಲವೆಂಬುದು ಸ್ಥಿರವಾಯಿತು. ಅಶಕ್ತನ ಸುಮ್ಮನಿರುವಿಕೆಗೂ ಶಕ್ತನ ಸುಮ್ಮನಿರುವಿಕೆಗೂ ಹೊರಗಿನ ರೂಪವೊಂದೇ. ಒಳಗಿನ ಬೆಲೆ ಬೇರೆ.

೪

ಇನ್ನು ಇದಕ್ಕೆ ಎದುರಾದ ಪಕ್ಷವನ್ನು ನೋಡಬೇಕು. ‘ಆತ್ಮರಕ್ಷಣೆಗಾಗಿ ಹೊಡೆದರೆ ದೋಷವೇ ಇಲ್ಲ, ಕಾನೂನೇ ಒಪ್ಪಿದೆ, ಹಾಗಿರಲು ಇಷ್ಟು ಶಂಕೆಯೇಕೆ?’ ಎಂದು ಕೆಲವರು ಕೇಳುತ್ತಾರೆ.

ಕಾನೂನು ಒಪ್ಪಿರುವುದು ನಿಜ. ಆದರೆ ಅದು ಗೆರೆಯೆಳೆದು ಒಪ್ಪಿದೆ. ೧೮೬೦ರ ಭಾರತೀಯ ದಂಡಸಂಹಿತೆಯ ೯೬ರಿಂದ ೧೦೬ರವರೆಗಿನ ಕಲಮುಗಳಲ್ಲಿ ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸಿದ್ದಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯಸಂಹಿತೆಯಲ್ಲಿ ಅದೇ ವಿಷಯವು ೩೪ರಿಂದ ೪೪ರವರೆಗಿನ ಕಲಮುಗಳಲ್ಲಿದೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವುದು ಈ ಹಕ್ಕಿನೊಳಗೆ ಸೇರದೆಂದೂ, ಸರಕಾರದ ಅಧಿಕಾರಿಗಳ ಆಶ್ರಯವನ್ನು ಪಡೆಯಲು ಅವಕಾಶವಿದ್ದಲ್ಲಿ ಈ ಹಕ್ಕೇ ಇಲ್ಲವೆಂದೂ ಎರಡು ಸಂಹಿತೆಗಳೂ ಹೇಳುತ್ತವೆ. ಓಡುತ್ತಿರುವ ಕಳ್ಳನ ಬೆನ್ನಿಗೆ ಬೀಳುವ ಏಟನ್ನು ರಕ್ಷಣೆಯೆಂದು ಕರೆಯುವುದು ಕಷ್ಟ.

ಕಾನೂನಿನ ಗೆರೆಗಿಂತ ಭಯಂಕರವಾದ ಇನ್ನೊಂದು ಸಂಗತಿಯುಂಟು. ಹೊಡೆಯುವವನಿಗೆ ತಾನು ರಕ್ಷಕನೆಂಬ ನಂಬಿಕೆಯು ಬಹು ಸುಲಭವಾಗಿ ಬಂದುಬಿಡುತ್ತದೆ. ೨೦೧೮ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ಮೊಬೈಲು ಫೋನುಗಳಲ್ಲಿ ಹಬ್ಬಿದ ಸುಳ್ಳು ವದಂತಿಯನ್ನು ನಂಬಿದ ಗುಂಪೊಂದು ರಾಜಸ್ಥಾನದಿಂದ ಕೆಲಸವನ್ನರಸಿ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆತನು ಯಾವ ಮಗುವನ್ನೂ ಕದ್ದವನಲ್ಲ. ಹೊಡೆದವರಲ್ಲಿ ಎಷ್ಟೋ ಮಂದಿ ತಾವು ಮಕ್ಕಳನ್ನು ಕಾಯುತ್ತಿದ್ದೇವೆಂದೇ ನಂಬಿದ್ದಿರಬೇಕು. ಅವರ ಕೈಗಳಿಗೆ ಬಲವಿದ್ದಿತು. ಕಾರಣವಿದೆಯೆಂಬ ಭ್ರಮೆಯೂ ಇದ್ದಿತು. ಏಟಿಗೆ ಮುಂಚೆ ಒಂದು ಕ್ಷಣ ತಡೆಯುವ ಶಿಕ್ಷಣ ಮಾತ್ರ ಇರಲಿಲ್ಲ.

ಬಾಣಸವಾಡಿ ಕಮ್ಮನಹಳ್ಳಿಗಳಂಥ ಕಡೆಗಳಲ್ಲಿ ನೆರೆಯವರೆಲ್ಲರೂ ಒಂದೇ ನುಡಿಯವರಲ್ಲ. ಈಶಾನ್ಯದ ರಾಜ್ಯಗಳಿಂದಲೂ ಆಫ್ರಿಕದ ದೇಶಗಳಿಂದಲೂ ಬಂದವರು ಅಲ್ಲಿ ವಾಸವಾಗಿದ್ದಾರೆ. ರಾತ್ರಿಯ ಹೊತ್ತು ಊಟದ ಪೊಟ್ಟಣವನ್ನು ತಂದು ಮನೆಯ ಸಂಖ್ಯೆಯನ್ನು ಹುಡುಕುತ್ತಿರುವ ಹುಡುಗನಿಗೂ ಗೇಟಿನ ಅಗುಳಿಯನ್ನು ತಡಕುವ ಕಳ್ಳನಿಗೂ ಹೆದರಿದ ಕಣ್ಣಿಗೆ ವ್ಯತ್ಯಾಸವು ತೋರದಿರಬಹುದು. ಹೆದರಿಕೆಯ ಕೈಗೆ ಕೋಲು ಬಂದರೆ ಅದು ಬಲಿಷ್ಠನಾದ ದುಷ್ಟನ ಮೇಲೆ ಬೀಳುವುದಕ್ಕಿಂತ, ಎದುರುಹೊಡೆಯಲಾರದ ಬಡವನ ಮೇಲೆಯೋ ಬೀದಿಯ ನಾಯಿಯ ಮೇಲೆಯೋ ಬೀಳುವುದೇ ಹೆಚ್ಚು. ಉಪಾಧ್ಯಾಯನ ಬೆತ್ತದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಎಷ್ಟೋ ತಲೆಮಾರುಗಳ ಕಾಲ ಅದು ಅತ್ಯಂತ ಅಶಕ್ತವಾದ ಕೈಗಳ ಮೇಲೆ ಬಿದ್ದಿತು; ಕೊನೆಗೆ ೨೦೦೯ರ ಶಿಕ್ಷಣಹಕ್ಕಿನ ಕಾನೂನು ಅದನ್ನು ನಿಷೇಧಿಸಬೇಕಾಯಿತು.

೫

ಹಾಗಾದರೆ ಸಿದ್ಧಾಂತವೇನು? ಕಲಿಯದಿರುವುದು ಹೇಡಿತನಕ್ಕೂ, ಕಲಿತು ಹೊಡೆಯುವುದು ಕ್ರೌರ್ಯಕ್ಕೂ ದಾರಿಯಾಗುವುದಾದರೆ, ನಡುವಣ ದಾರಿ ಯಾವುದು? ಇದಕ್ಕೆ ಮಹಾಭಾರತದಲ್ಲಿ ಉತ್ತರವಿದೆ. ಅಸ್ತ್ರವಿದ್ಯೆಗೆ ಪ್ರಯೋಗ, ಉಪಸಂಹಾರ ಎಂದು ಎರಡು ಭಾಗಗಳು. ಸೌಪ್ತಿಕಪರ್ವದ ಕೊನೆಯಲ್ಲಿ ಅಶ್ವತ್ಥಾಮನೂ ಅರ್ಜುನನೂ ಒಬ್ಬರ ಮೇಲೊಬ್ಬರು ಮಹಾಸ್ತ್ರಗಳನ್ನು ಬಿಡುತ್ತಾರೆ. ಲೋಕವೇ ಸುಡುವಂತಾದಾಗ ವ್ಯಾಸ ನಾರದರು ನಡುವೆ ನಿಂತು ಅವನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಹೇಳುತ್ತಾರೆ. ಆತ್ಮಸಂಯಮವುಳ್ಳ ಅರ್ಜುನನು ತನ್ನ ಅಸ್ತ್ರವನ್ನು ಉಪಸಂಹರಿಸುತ್ತಾನೆ. ಅಶ್ವತ್ಥಾಮನಿಗೆ ಅದು ಬಾರದು. ಬಿಟ್ಟ ಅಸ್ತ್ರವು ಎಲ್ಲಿಯಾದರೂ ಬೀಳಲೇಬೇಕಷ್ಟೆ. ಅದು ಉತ್ತರೆಯ ಗರ್ಭದಲ್ಲಿದ್ದ ಶಿಶುವಿನ ಮೇಲೆ ಬೀಳುತ್ತದೆ. ಯುದ್ಧದಲ್ಲಿ ಪಾಲೇ ಇಲ್ಲದ, ಇನ್ನೂ ಹುಟ್ಟದ ಜೀವಕ್ಕೆ ತಾಗಿತೆಂಬಲ್ಲಿ ವ್ಯಾಸರ ಉಪದೇಶವಿದೆ. ಹಿಂದೆಗೆಯಲಾರದ ಬಲವು ನಿರಪರಾಧಿಯನ್ನೇ ಹುಡುಕಿಕೊಂಡು ಹೋಗುತ್ತದೆ. ಚಾಮರಾಜಪೇಟೆಯಲ್ಲಿ ನಡೆದುದೂ ಅದೇ.

ಶಾಸ್ತ್ರೋಕ್ತವಾದ ಕರಾಟೆಯ ಪಾಠದಲ್ಲಿ ಈ ಉಪಸಂಹಾರವು ದೇಹದ ಅಭ್ಯಾಸವಾಗಿಯೇ ಇದೆ. ಇಬ್ಬರು ಎದುರುಬದಿರಾಗಿ ನಿಂತು ಅಭ್ಯಸಿಸುವಾಗ ಪೂರ್ಣವೇಗದಿಂದ ಹೊರಟ ಮುಷ್ಟಿಯನ್ನು ಎದುರಾಳಿಯ ಮೈಗೆ ಇನ್ನೇನು ತಾಗಬೇಕೆನ್ನುವಲ್ಲಿ ನಿಲ್ಲಿಸಬೇಕು. ಮೆಲ್ಲಗೆ ಹೊಡೆಯುವುದು ಯಾರಿಗಾದರೂ ಬರುತ್ತದೆ. ಬಲವಾಗಿ ಹೊರಟುದನ್ನು ನಿಲ್ಲಿಸುವುದಕ್ಕೆ ವರ್ಷಗಳು ಬೇಕು. ಇದರ ಮಹತ್ತ್ವವು ೨೦೨೧ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಲೋಕಕ್ಕೆಲ್ಲ ಕಂಡಿತು. ಪುರುಷರ ಅತಿಭಾರದ ವರ್ಗದ ಅಂತಿಮ ಸ್ಪರ್ಧೆಯಲ್ಲಿ ಸೌದಿ ಅರೇಬಿಯದ ತಾರೆಗ್ ಹಾಮೆದಿ ಮುಂದಿದ್ದನು. ಅವನು ಕೊಟ್ಟ ಒದೆಗೆ ಇರಾನಿನ ಸಜ್ಜಾದ್ ಗಂಜ್‌ಜಾದೆಯು ಎಚ್ಚರತಪ್ಪಿ ಬಿದ್ದನು. ಮಿತಿಮೀರಿದ ಏಟೆಂದು ನಿರ್ಣಾಯಕರು ಹೊಡೆದವನನ್ನು ಅನರ್ಹನೆಂದು ಸಾರಿ, ಬಿದ್ದವನಿಗೆ ಸುವರ್ಣಪದಕವನ್ನು ಕೊಟ್ಟರು. ನೋಡಿದವರಲ್ಲಿ ಅನೇಕರಿಗೆ ಇದು ವಿಪರೀತವಾಗಿ ತೋರಿತು. ಆದರೆ ಅಂದು ಪರೀಕ್ಷೆಗೆ ಇಟ್ಟಿದ್ದುದು ಏಟಿನ ಬಲವೊಂದನ್ನೇ ಅಲ್ಲವೆಂಬುದನ್ನು ನೆನೆದರೆ ತೀರ್ಪಿನ ಅರ್ಥವು ತಿಳಿಯುತ್ತದೆ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಅವಶ್ಯವಾಗಿಯೇ, ಮಿತಿಯೊಳಗೇ ಹೊಡೆದರೂ ಮನುಷ್ಯನ ಲೆಕ್ಕವು ಅಲ್ಲಿಗೆ ಚುಕ್ತವಾಗುತ್ತದೆಯೇ? ಫುನಾಕೋಶಿಯು ತನ್ನ ಆತ್ಮಕಥೆಯಲ್ಲಿ ಒಂದು ಘಟನೆಯನ್ನು ತಿಳಿಸಿದ್ದಾನೆ. ಎರಡನೆಯ ಮಹಾಯುದ್ಧವು ಮುಗಿದು ಜಪಾನು ದಾರಿದ್ರ್ಯದಲ್ಲಿ ಮುಳುಗಿದ್ದ ಕಾಲ. ಅವನಿಗೆ ಎಂಬತ್ತರ ಆಸುಪಾಸು. ಕತ್ತಲಾದ ದಾರಿಯಲ್ಲಿ ದೋಚುವವನೊಬ್ಬನು ಅಡ್ಡಗಟ್ಟಿ, ಕೊಡೆಯಿಂದ ಅವನ ತಲೆಗೆ ಬೀಸಿದನು. ವೃದ್ಧನು ತಟ್ಟನೆ ಬಗ್ಗಿ, ಅವನನ್ನು ಮರ್ಮಸ್ಥಾನದಲ್ಲಿ ಬಿಗಿಯಾಗಿ ಹಿಡಿದು ನಿಲ್ಲಿಸಿದನು. ಅಷ್ಟರಲ್ಲಿ ಬಂದ ಪೊಲೀಸಿನವನ ವಶಕ್ಕೆ ಒಪ್ಪಿಸಿದನು. ನ್ಯಾಯಾಲಯವೂ ನೆರೆಹೊರೆಯೂ ಇದನ್ನು ಮೆಚ್ಚದೆ ಇರಲಾರವು. ಆದರೆ ಆಚಾರ್ಯನಿಗೆ ಹೆಮ್ಮೆಯಾಗಲಿಲ್ಲ. ಆತನು ಯುದ್ಧದಿಂದ ಮರಳಿ ಕೆಲಸವಿಲ್ಲದೆ ಕಂಗೆಟ್ಟ ಸೈನಿಕನಾಗಿರಬಹುದೆಂದೂ, ಶಿಷ್ಯರಿಗೆ ಸದಾ ಬೇಡವೆಂದು ಹೇಳುತ್ತಿದ್ದುದನ್ನು ತಾನೇ ಯೋಚಿಸದೆ ಮಾಡಿಬಿಟ್ಟೆನೆಂದೂ ಅವನು ಮನಸ್ಸಿನಲ್ಲಿ ಕುಗ್ಗಿದನು.

ಈ ಕುಗ್ಗುವಿಕೆಯನ್ನು ದುರ್ಬಲತೆಯೆಂದು ಭಾವಿಸತಕ್ಕುದಲ್ಲ. ವೃದ್ಧನು ಮಾಡಿದುದರಲ್ಲಿ ಅಪರಾಧವಿಲ್ಲ. ಮಾಡದಿದ್ದರೆ ತಲೆ ಒಡೆಯುತ್ತಿತ್ತು. ಆದರೂ ತನ್ನ ಕೈಯಿಂದ ನೋವನ್ನು ಉಂಡವನು ಯಾರು, ಅವನು ಏಕೆ ಬಂದನು ಎಂಬ ಪ್ರಶ್ನೆಯನ್ನು ಅವನು ಬಿಡಲಿಲ್ಲ. ಕಾನೂನು ಏಟು ಸಮರ್ಥನೀಯವೇ ಎಂದು ಕೇಳಿ ಕಡತವನ್ನು ಮುಚ್ಚುತ್ತದೆ. ಧರ್ಮವು ಅಲ್ಲಿಗೆ ನಿಲ್ಲುವುದಿಲ್ಲ; ಹೊಡೆದವನು ಆಮೇಲೆ ಎಂಥವನಾಗಿ ಉಳಿದನೆಂದು ಕೇಳುತ್ತದೆ. ಆ ಏಟನ್ನು ಕಥೆಮಾಡಿ ಹೇಳಿಕೊಂಡು ನಲಿಯುವವನಿಗೂ, ಅದನ್ನು ತೀರದ ಸಾಲವೆಂಬಂತೆ ಹೊತ್ತು ನಡೆಯುವವನಿಗೂ ಅಂತರವು ಬಹಳ. ಏಟಿಗೆ ಮುಂಚೆ ತಡೆಯುವ ಶಕ್ತಿಯೂ ಏಟಿನ ಬಳಿಕ ಕುಗ್ಗುವ ಮನಸ್ಸೂ ಎಲ್ಲಿ ಕೂಡಿರುವುವೋ, ಅಲ್ಲಿ ಮಾತ್ರ ಈ ವಿದ್ಯೆಯು ನಿರ್ಭಯವಾಗಿ ಇರಬಲ್ಲುದು.

೬

ಬಾಣಸವಾಡಿಯ ವೃದ್ಧನು ಹಾಗಾದರೆ ಏನನ್ನು ಕಲಿಯಬೇಕು? ಊರುಗೋಲಿನ ವಿಷಯದಲ್ಲಿ ಮೊದಲ ಸತ್ಯವು ನೆಲಕ್ಕೆ ಸೇರಿದುದು. ಕೋಲನ್ನು ಊರಿ ನಿಂತವನು ಹೊಡೆಯಲೆಂದು ಅದನ್ನು ಎತ್ತಿದೊಡನೆ ತನ್ನ ಆಧಾರವನ್ನು ತಾನೇ ಕಿತ್ತುಕೊಂಡಂತಾಗುತ್ತದೆ. ಎದುರಾಳಿಯು ಮುಟ್ಟುವುದಕ್ಕೆ ಮುಂಚೆಯೇ ಅವನು ಬೀಳಬಹುದು. ಆದುದರಿಂದ ಅವನು ಕಾಲೂರುವುದನ್ನು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವುದನ್ನು, ಗೋಡೆಯನ್ನೋ ಬಾಗಿಲನ್ನೋ ಬೆನ್ನಿಗೆ ಮಾಡಿಕೊಳ್ಳುವುದನ್ನು ಮೊದಲು ಕಲಿಯಬೇಕು. ಅದರ ಬಳಿಕ ದೂರವನ್ನು ಕಾಯುವುದು. ಕೂಗಿ ನೆರೆಯವರನ್ನು ಕರೆಯುವುದು. ಹಣವನ್ನಷ್ಟೇ ಕೇಳಿದರೆ ಕೊಟ್ಟುಬಿಡುವುದು. ಹೋಗಲು ದಾರಿಯಿದ್ದರೆ ಹೋಗಿಬಿಡುವುದು. ಇವೆಲ್ಲವೂ ವಿದ್ಯೆಯ ಭಾಗಗಳೇ. ಯಾವ ದಾರಿಯೂ ಉಳಿಯದೆ ಪ್ರಾಣಕ್ಕೋ ಆಶ್ರಿತರ ಮಾನಕ್ಕೋ ಸಂಚಕಾರ ಬಂದಾಗ ಹೊಡೆಯುವುದು ಕರ್ತವ್ಯ. ಅಲ್ಲಿ ಹಿಂಜರಿಯುವುದು ಧರ್ಮವಲ್ಲ.

ಈ ಅಭ್ಯಾಸದಿಂದ ಅವನಿಗೆ ದೊರೆಯುವ ಮುಖ್ಯ ಫಲವು ಏಟಿಗೆ ಸಂಬಂಧಿಸಿದುದಲ್ಲ. ಗೇಟಿನ ಸದ್ದಾದಾಗ ಅವನ ಎದೆಯು ಮೊದಲಿನಷ್ಟು ನಡುಗದು. ನಡುಗದ ಎದೆಯವನು ದೀಪವನ್ನು ಹಾಕಿ, ಬಂದವನ ಮುಖವನ್ನು ನೋಡಿ, ಯಾರೆಂದು ಕೇಳಬಲ್ಲನು. ಬಂದವನು ಊಟದ ಪೊಟ್ಟಣವನ್ನು ತಂದ ಹುಡುಗನಾಗಿದ್ದರೆ ಅಷ್ಟರಿಂದಲೇ ಅವನ ತಲೆ ಉಳಿಯುತ್ತದೆ. ಕೇಡಿಗೂ ಉತ್ತರಕ್ಕೂ ನಡುವೆ ಒಂದು ಕ್ಷಣವನ್ನು ಬಿಡಿಸಿ ಕೊಡುವುದೇ ಶಿಕ್ಷಣದ ಉಪಕಾರ. ಯಾವ ಅಭ್ಯಾಸವು ಆ ಕ್ಷಣವನ್ನು ಹಿಗ್ಗಿಸುತ್ತದೆಯೋ ಅದು ವಿದ್ಯೆ. ಯಾವುದು ಅದನ್ನು ನುಂಗಿಹಾಕುತ್ತದೆಯೋ ಅದು, ಎಷ್ಟೇ ಚಮತ್ಕಾರವುಳ್ಳದಾಗಿರಲಿ, ಬರಿಯ ಹೊಡೆದಾಟ.

ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಹೊಣೆಯು ದೊಡ್ಡದು. ಪಟ್ಟಿಯ ಬಣ್ಣವು ಬದಲಾದುದನ್ನೂ ಹಲಗೆಯು ಒಡೆದುದನ್ನೂ ಮಾತ್ರ ಕೊಂಡಾಡುವ ಮನೆಯಲ್ಲಿ ಹುಡುಗನು ಪ್ರಯೋಗವನ್ನೇ ವಿದ್ಯೆಯೆಂದು ತಿಳಿಯುತ್ತಾನೆ. ಪಾಠವು ನಮಸ್ಕಾರದಿಂದ ಮೊದಲಾಗಿ ನಮಸ್ಕಾರದಿಂದ ಮುಗಿಯುವುದೇಕೆ, ಮುಷ್ಟಿಯನ್ನು ಕೂದಲೆಳೆಯಷ್ಟು ಈಚೆಗೆ ನಿಲ್ಲಿಸುವುದೇಕೆ ಎಂದು ಮನೆಯಲ್ಲಿ ಯಾರಾದರೂ ಅವನನ್ನು ಕೇಳಬೇಕು. ಶಾಲೆಯಲ್ಲಿ ತನಗಿಂತ ಚಿಕ್ಕವನೊಬ್ಬನು ಕೆಣಕಿದಾಗ ಸುಮ್ಮನೆ ಬಂದೆನೆಂದು ಅವನು ಹೇಳಿದ ದಿವಸ, ಪದಕವನ್ನು ತಂದ ದಿವಸಕ್ಕಿಂತ ಹೆಚ್ಚಿನ ಸಂತೋಷವು ಮನೆಯಲ್ಲಿ ಕಾಣಿಸಬೇಕು. ಗರಡಿಮನೆಗಳ ಅಧಿದೇವತೆಯಾದ ಆಂಜನೇಯನಿಗೆ, ಯಾರಾದರೂ ನೆನಪುಮಾಡಿಕೊಡುವವರೆಗೆ ತನ್ನ ಬಲವು ನೆನಪಿಗೆ ಬರುತ್ತಿರಲಿಲ್ಲವೆಂದು ರಾಮಾಯಣದ ಕಥೆಯು ಹೇಳುತ್ತದೆ. ಹಳೆಯ ಬಾಣಸವಾಡಿಯ ಗುಡಿಯಲ್ಲಿ ಅವನಿಗೆ ಕೈಮುಗಿಯುವ ಬಾಲಕನಿಗೆ ಆ ಕಥೆಯ ಈ ಭಾಗವನ್ನೂ ಹೇಳಿಕೊಡುವುದು ಒಳ್ಳೆಯದು.

ಬಿಸಿಲೇರುತ್ತಿದೆ. ಕಲ್ಲುಬೆಂಚಿನ ವೃದ್ಧನು ಮನೆಗೆ ಹೊರಡಲು ಕೋಲನ್ನು ಊರುತ್ತಾನೆ. ಇಷ್ಟು ಹೊತ್ತು ಗಾಳಿಯನ್ನು ಗುದ್ದುತ್ತಿದ್ದ ಹುಡುಗನು ಅದನ್ನು ಕಂಡು ಮುಷ್ಟಿಯನ್ನು ಬಿಚ್ಚಿ ತಾತನಿಗೆ ಕೈಯನ್ನು ನೀಡುತ್ತಾನೆ. ಒಂದು ಪಕ್ಕದಲ್ಲಿ ಕೋಲು, ಇನ್ನೊಂದು ಪಕ್ಕದಲ್ಲಿ ಮೊಮ್ಮಗನ ಬರಿಗೈ. ಎರಡನ್ನೂ ಹಿಡಿದು ವೃದ್ಧನು ಮೆಲ್ಲಗೆ ಏಳುತ್ತಾನೆ.